ಮಗಳಿಗೊಂದು ಹೆಸರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣದತ್ತ ಸಾಗಿದರೆ ನಡುವೆ ಕೆಂಗಲ್ ಎಂಬ ಊರು ಸಿಗುತ್ತದೆ. ಇಲ್ಲಿಯ ಆಂಜನೇಯನ ಗುಡಿ ಸುತ್ತಣ ಹಳ್ಳಿಗಳಿಗೆಲ್ಲ ಶ್ರದ್ಧೆಯ ತಾಣ. ಕೆಂಪು, ಕಲ್ಲು ಎಂಬ ಎರಡು ಮಾತುಗಳು ಸೇರಿ ‘ಕೆಂಗಲ್ಲು’ ಆಗಿದೆ. ಕಕಾರಕ್ಕೆ ಗಕಾರ ಆದೇಶವಾಗಿ ಬರುವುದಕ್ಕೆ ಇದೊಂದು ಉದಾಹರಣೆ. ಕಲ್ಲಿನ ಬಣ್ಣ ಊರಿಗೆ ಹೆಸರಾಯಿತು; ಊರಿನ ಹೆಸರು ಒಬ್ಬ ವ್ಯಕ್ತಿಯ ಹೆಸರಿನ ಮುಂದೆ ನಿಂತು ನಾಡಿಗೆಲ್ಲ ಪರಿಚಿತವಾಯಿತು. 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, ವಿಧಾನಸೌಧದ ನಿರ್ಮಾಣಕ್ಕೆ ಕಾರಣರಾದ ಕೆಂಗಲ್ ಹನುಮಂತಯ್ಯನವರನ್ನು ಯಾರು ತಾನೆ ಅರಿಯರು?

ಹೆಸರಿಗೆ ಇಂತಹ ಶಕ್ತಿಯುಂಟು. ಆದುದರಿಂದಲೇ ಮಗುವಿಗೆ ಹೆಸರಿಡುವುದನ್ನು ನಮ್ಮ ಹಿರಿಯರು ಒಂದು ಸಂಸ್ಕಾರವೆಂದು ಎಣಿಸಿದರು. ತೊಟ್ಟಿಲನ್ನು ಸಿಂಗರಿಸಿ, ನೆಂಟರಿಷ್ಟರನ್ನು ಕರೆದು, ಮಗುವಿನ ಕಿವಿಯಲ್ಲಿ ಅದರ ಹೆಸರನ್ನು ಮೆಲ್ಲನೆ ಉಸುರುವ ಆ ಗಳಿಗೆ ಎಷ್ಟು ಮಧುರವಾದುದು! ಮಗು ಈ ಲೋಕದಿಂದ ಪಡೆಯುವ ಮೊದಲ ಉಡುಗೊರೆ ಅದು. ಉಟ್ಟ ಬಟ್ಟೆ ಹರಿಯುತ್ತದೆ, ತೊಟ್ಟ ಒಡವೆ ಸವೆಯುತ್ತದೆ. ಇಟ್ಟ ಹೆಸರು ಮಾತ್ರ ಕೊನೆಯವರೆಗೂ ಜೊತೆಗಿರುತ್ತದೆ.

ಈ ಸೀಮೆಯ ಹೆಣ್ಣುಮಕ್ಕಳ ಹೆಸರುಗಳನ್ನು ಗಮನಿಸಿದರೆ ನೆಲದ ಚರಿತ್ರೆಯೇ ಕಣ್ಣಮುಂದೆ ನಿಲ್ಲುತ್ತದೆ. ಆಂಜನೇಯನ ನೆನಪಿಗೆ ಹನುಮಕ್ಕ, ಕನಕಪುರದ ಕಡೆಯ ಕಬ್ಬಾಳಿನ ದೇವಿಯ ನೆನಪಿಗೆ ಕಬ್ಬಾಳಮ್ಮ, ಮನೆದೇವರು ತಿಮ್ಮಪ್ಪನಾದರೆ ತಿಮ್ಮಕ್ಕ. ಇನ್ನೂ ಕಣ್ಣು ತೆರೆಯದ ಹಸುಳೆಯನ್ನೂ ‘ಅಮ್ಮ’ ಎಂದೋ ‘ಅಕ್ಕ’ ಎಂದೋ ಸೇರಿಸಿ ಕರೆದ ನಮ್ಮ ಹಳ್ಳಿಗರ ಮನಸ್ಸಿನಲ್ಲಿ ಎಂತಹ ಗೌರವವಿತ್ತು! ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದರೆ ತಿಪ್ಪಮ್ಮ, ತಿಪ್ಪಯ್ಯ ಎಂದು ಹೆಸರಿಡುವ ರೂಢಿಯೂ ಇತ್ತು. ತಿಪ್ಪೆಯ ಹೆಸರು ಹೊತ್ತ ಮಗುವನ್ನು ಮೃತ್ಯು ಕಡೆಗಣ್ಣಿನಿಂದಲೂ ನೋಡದು ಎಂಬುದು ಅವರ ನಂಬಿಕೆ. ಕೇಳಲು ಒರಟಾದ ಆ ಹೆಸರಿನ ಹಿಂದೆ ಕಂದನನ್ನು ಉಳಿಸಿಕೊಳ್ಳುವ ತಾಯಿಯ ಹಂಬಲವಿತ್ತು.

ಆದರೆ ಎಲ್ಲ ಹೆಸರುಗಳ ಹಿಂದೆಯೂ ಪ್ರೀತಿಯೇ ಇರಲಿಲ್ಲ. ಮೇಲಿಂದ ಮೇಲೆ ಹೆಣ್ಣು ಹುಟ್ಟಿದಾಗ ‘ಇನ್ನು ಹೆಣ್ಣು ಸಾಕು’ ಎಂಬ ಬೇಸರದಿಂದ ಮಗುವಿಗೆ ಸಾಕಮ್ಮ ಎಂದು ಹೆಸರಿಟ್ಟವರೂ ಉಂಟು. ಕರೆದಾಗಲೆಲ್ಲ ‘ನೀನು ಬೇಡವಾಗಿದ್ದೆ’ ಎಂದು ನೆನಪಿಸುವ ಹೆಸರನ್ನು ಹೊತ್ತು ಬಾಳುವುದು ಆ ಮಗುವಿಗೆ ಎಷ್ಟು ಕಷ್ಟ! ಇದು ನಮ್ಮ ನಾಡಿಗಷ್ಟೇ ಸೀಮಿತವಾದ ಮಾತಲ್ಲ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ಬೇಡವಾದವಳು’ ಎಂಬ ಅರ್ಥದ ‘ನಕುಶಾ’ ಎಂಬ ಹೆಸರು ಹೊತ್ತ ಹುಡುಗಿಯರು ನೂರಾರು ಮಂದಿ ಇದ್ದರು. 2011ರಲ್ಲಿ ಅಲ್ಲಿಯ ಜಿಲ್ಲಾಡಳಿತ ಸಮಾರಂಭವೊಂದನ್ನು ಏರ್ಪಡಿಸಿ, 280ಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರುಗಳನ್ನು ಕೊಟ್ಟಿತು. ಅದೇ ವರ್ಷದ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಆರು ವರ್ಷದವರೆಗಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು ಮಾತ್ರ ಇದ್ದರು. ಹೆಸರಿನಲ್ಲಿ ಕಾಣುವ ಅನಾದರ ಈ ಲೆಕ್ಕದಲ್ಲಿಯೂ ಕಾಣುತ್ತದೆಯಲ್ಲವೆ?

ಹೆಸರು ಹೇಗೆಯೇ ಇರಲಿ, ಅದಕ್ಕೆ ಅರ್ಥ ತುಂಬುವವರು ಅದನ್ನು ಹೊತ್ತವರೇ. ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡ ಸಾಕಮ್ಮ ಎಂಬುವರು ಕಾಫಿ ತೋಟದ ಹೊಣೆಯನ್ನು ತಾವೇ ಹೊತ್ತರು. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮವನ್ನು ಸ್ಥಾಪಿಸಿ ‘ಕಾಫಿಪುಡಿ ಸಾಕಮ್ಮ’ ಎಂದೇ ಮನೆಮಾತಾದರು. ಬಸವನಗುಡಿಯ ‘ಸಾಕಮ್ಮ ಗಾರ್ಡನ್’ ಇಂದಿಗೂ ಅವರನ್ನು ನೆನಪಿಸುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರಿಗೆ ಮಕ್ಕಳಿರಲಿಲ್ಲ. ಅವರು ಪತಿಯೊಡನೆ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ತಂದು ಸಾಕಿದರು. ತಂದೆತಾಯಿ ಇಟ್ಟ ‘ತಿಮ್ಮಕ್ಕ’ ಎಂಬ ಹೆಸರಿನ ಮುಂದೆ ಜನರು ‘ಸಾಲುಮರದ’ ಎಂಬ ಮಾತನ್ನು ಸೇರಿಸಿದರು. 2019ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರಲ್ಲಿ ತೀರಿಕೊಂಡರು. ಮರಗಳು ಮಾತ್ರ ಅವರ ಹೆಸರನ್ನು ಹೇಳುತ್ತ ನಿಂತಿವೆ. ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ಎರಡು ಅರ್ಥಗಳಿವೆ. ಒಂದು ‘ಇನ್ನು ಬೇಡ’, ಇನ್ನೊಂದು ‘ಸಲಹು’. ಯಾವ ಅರ್ಥವನ್ನು ಆರಿಸಿಕೊಳ್ಳಬೇಕೆಂಬುದು ಹೆಸರಿಡುವವರ ಮನಸ್ಸಿಗೆ ಬಿಟ್ಟದ್ದು.

ಹೆಸರು ಮನೆಯ ಮಾತಷ್ಟೇ ಅಲ್ಲ, ಕಾನೂನಿನ ವಿಷಯವೂ ಹೌದು. 1969ರ ಜನನ ಮತ್ತು ಮರಣ ನೋಂದಣಿ ಕಾಯಿದೆಯಂತೆ ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ತಿಳಿಸಬೇಕು. ಆಗ ಹೆಸರು ನಿಶ್ಚಯವಾಗಿರದಿದ್ದರೆ ಅದನ್ನು ಅನಂತರ ಸೇರಿಸಲು ಅವಕಾಶವಿದೆ. ಅವಸರದಲ್ಲಿ ತಪ್ಪು ಅಕ್ಷರ ಬರೆಸಿದರೆ ಶಾಲೆಯ ದಾಖಲೆಯಿಂದ ಮತದಾರರ ಪಟ್ಟಿಯವರೆಗೆ ಮಗಳು ಅದನ್ನು ತಿದ್ದಿಸುತ್ತ ಅಲೆಯಬೇಕಾಗುತ್ತದೆ.

ಹಾಗಾದರೆ ಮುಂದೆ ಹುಟ್ಟಲಿರುವ ಮಗಳಿಗೆ ಎಂತಹ ಹೆಸರನ್ನು ಇಡಬೇಕು? ಅದು ಅಜ್ಜಿಯ ನಾಲಗೆಗೆ ಎಟಕುವಂತಿರಲಿ. ದೂರದ ಊರಿನವರೂ ತಪ್ಪಿಲ್ಲದೆ ಕರೆಯುವಂತಿರಲಿ. ಅದರ ಅರ್ಥವನ್ನು ಕೇಳಿದಾಗ ಅವಳು ತಲೆತಗ್ಗಿಸದೆ ಹೇಳುವಂತಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಆ ಹೆಸರನ್ನು ಕೂಗುವ ದನಿಯಲ್ಲಿ ‘ನೀನು ನಮಗೆ ಬೇಕು’ ಎಂಬ ಮಾತು ಕೇಳಿಸಲಿ. ಆರಿಸುವುದು ಹಿರಿಯರ ಹೊಣೆ. ಬೆಳಗಿಸುವುದು ಮಗಳ ಹೊಣೆ.

ಅಭ್ಯಾಸ

1. ‘ಸಾಕು’ ಎಂಬ ಪದದ ಎರಡು ಅರ್ಥಗಳನ್ನು ಪಾಠದ ಆಧಾರದಿಂದ ವಿವರಿಸಿರಿ.
2. ತಿಪ್ಪಮ್ಮ, ಸಾಕಮ್ಮ ಎಂಬ ಹೆಸರುಗಳ ಹಿಂದಿನ ಭಾವಗಳಲ್ಲಿರುವ ವ್ಯತ್ಯಾಸವೇನು?
3. ನಿಮ್ಮ ಹೆಸರನ್ನು ಯಾರು, ಏಕೆ ಆರಿಸಿದರೆಂಬುದನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.