ಕರೆಗೆ ಇಳಿಯುವ ಮುನ್ನ

ತುಳುನಾಡಿನ ಕಂಬಳದ ಕರೆಗಳಲ್ಲಿ, ಎಂದರೆ ಕೆಸರುಗದ್ದೆಯ ಓಟದ ಹಾದಿಗಳಲ್ಲಿ, ಯೌವನದ ಬಹುಭಾಗವನ್ನು ಕೋಣಗಳ ಹಿಂದೆ ಓಡಿ ಕಳೆದು, ಮೊಣಕಾಲಿನ ಕಸುವು ಕುಂದಿದ ಮೇಲೆ ಎಳೆಯರಿಗೆ ಆ ವಿದ್ಯೆಯನ್ನು ಹೇಳಿಕೊಡಲು ತೊಡಗಿದಂದಿನಿಂದ ನನ್ನ ಮನಸ್ಸಿನಲ್ಲಿ ವರ್ಷೇ ವರ್ಷೇ ದೃಢವಾಗುತ್ತ ಬಂದಿರುವ ಸಂಗತಿಯೊಂದುಂಟು: ಓಟಗಾರನಾಗಬಯಸುವ ಹುಡುಗನು ಓಟಕ್ಕಿಂತ ಮೊದಲು ಕೋಣವನ್ನು ಕಲಿಯಬೇಕು.

ನನ್ನಲ್ಲಿಗೆ ಬರುವ ತರುಣರು ವೇಗದ ವ್ಯಾಮೋಹದಿಂದಲೇ ಬರುತ್ತಾರೆ. ಅದು ಸಹಜವೂ ಹೌದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ಆ ಲೆಕ್ಕವನ್ನು ನೂರು ಮೀಟರಿಗೆ ಇಳಿಸಿ, ಬಂದ 9.55 ಸೆಕೆಂಡನ್ನು ಉಸೇನ್ ಬೋಲ್ಟರ 9.58ರ ದಾಖಲೆಯ ಪಕ್ಕದಲ್ಲಿಟ್ಟು ದೇಶವೆಲ್ಲ ಕೊಂಡಾಡಿತು. ಕೇಂದ್ರದ ಕ್ರೀಡಾ ಸಚಿವರೇ ಅವರನ್ನು ಓಟದ ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ಒಲ್ಲೆನೆಂದರು. ಕೆಸರಿನಲ್ಲಿ ಓಡುವವನಿಗೆ ಹಿಮ್ಮಡಿಯೇ ಆಧಾರ, ಪಥದಲ್ಲಿ ಓಡುವವನಿಗೆ ಕಾಲ್ಬೆರಳು; ಅದಲ್ಲದೆ ಕರೆಯಲ್ಲಿ ಕಾಣುವ ವೇಗದಲ್ಲಿ ಕೋಣಗಳ ಪಾಲೂ ಇದೆಯೆಂಬುದನ್ನು ಅವರು ಬಲ್ಲವರಾಗಿದ್ದರು. ಆ ಓಟಕ್ಕಿಂತಲೂ ಆ ಅರಿವನ್ನು ನಾನು ಹೆಚ್ಚೆಂದು ಭಾವಿಸುತ್ತೇನೆ, ಮತ್ತು ಹೊಸದಾಗಿ ಬಂದ ಪ್ರತಿಯೊಬ್ಬ ಹುಡುಗನಿಗೂ ಮೊದಲು ಈ ಪ್ರಸಂಗವನ್ನೇ ಹೇಳುತ್ತೇನೆ.

ಆದಕಾರಣ ನನ್ನಲ್ಲಿ ಶಿಕ್ಷಣವು ಕೋಣದ ಹಟ್ಟಿಯಿಂದ ಆರಂಭವಾಗುತ್ತದೆ. ಬೆಳಗಿನ ಜಾವ ಸೆಗಣಿ ಬಾಚುವುದು, ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು. ಇವುಗಳಲ್ಲಿ ಬೇಸರಗೊಂಡು ಬಿಟ್ಟುಹೋದವರೂ ಇದ್ದಾರೆ. ಉಳಿದವರಲ್ಲಿ ಕೂಲಿಯವರ ಮನೆಯ ಒಬ್ಬ ಹುಡುಗ, ಮಾತು ಕಡಿಮೆ, ಕೋಪ ಹೆಚ್ಚು. ಕೋಣದ ಕುತ್ತಿಗೆಯ ಮೇಲೆ ಅಂಗೈಯಿಟ್ಟು, ಚರ್ಮವು ಎಲ್ಲಿ ಅದುರುತ್ತದೆ, ಕಿವಿ ಯಾವ ಕಡೆಗೆ ತಿರುಗುತ್ತದೆ, ಬಲಗೋಣವನ್ನು ಮೊದಲು ಮುಟ್ಟಿದರೆ ಎಡಗೋಣ ಹೇಗೆ ಕಾಲು ಬದಲಿಸುತ್ತದೆ ಎಂಬುದನ್ನೆಲ್ಲ ಅವನು ಗಮನಿಸಲು ಕಲಿತಂತೆ ಅವನ ಕೋಪವೂ ತಾನಾಗಿ ತಗ್ಗುತ್ತ ಬಂದಿತು. ಒಂದು ಕಂಬಳದ ದಿನ, ಕೋಣಗಳ ಯಜಮಾನರು ಬಂಧುಬಳಗದೊಡನೆ ಹೊರಡಲು ಸಿದ್ಧರಾಗಿ ನಿಂತಿದ್ದಾಗ, ಅವನು ನನ್ನ ಬಳಿಗೆ ಬಂದು, "ಅಣ್ಣಾ, ಎಡಗೋಣ ಮೇವು ಅರ್ಧಕ್ಕೇ ಬಿಟ್ಟಿದೆ, ಮೂಗೂ ಒಣಗಿದೆ. ಇವತ್ತು ಇಳಿಸುವುದು ಬೇಡ" ಎಂದನು. ತನ್ನ ಮೊದಲ ಓಟವನ್ನೇ ಬಿಟ್ಟುಕೊಟ್ಟು ಆಡಿದ ಮಾತದು. ಯಜಮಾನರು ಕ್ಷಣಕಾಲ ನನ್ನ ಮುಖವನ್ನು ನೋಡಿ, ಕೋಣಗಳನ್ನು ಬಿಚ್ಚಿಸಿದರು. ಕಲಿಸುವವನಾಗಿ ನಾನು ಪಡೆದ ಸಂತೋಷಗಳಲ್ಲಿ ಇದಕ್ಕೆ ಸಮನಾದುದು ಬೇರೊಂದಿಲ್ಲ.

ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ಕಂಬಳದ ವಿಭಾಗಗಳಲ್ಲಿ ಯಾರಿಗೆ ಯಾವುದು ಒಗ್ಗುತ್ತದೆಂದು ಕಂಡುಹಿಡಿಯುವುದು ಕಲಿಸುವವನ ಹೊಣೆ. ಎಲ್ಲರೂ ಹಗ್ಗದ ಓಟವನ್ನೇ ಬಯಸುತ್ತಾರೆ. ಆದರೆ ಕನೆಹಲಗೆಯಲ್ಲಿ ಹಲಗೆಯ ಮೇಲೆ ಕಾಲೂರಿ ನಿಂತು, ಅದರ ತೂತುಗಳಿಂದ ಚಿಮ್ಮುವ ನೀರನ್ನು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ಹಾಯಿಸುವವನಿಗೆ ಬೇಕಾದುದು ದೇಹದ ಭಾರವನ್ನು ಅಲುಗದಂತೆ ಹಿಡಿದಿಡುವ ಸಂಯಮ. ಓಟದಲ್ಲಿ ಹಿಂದೆ ಬೀಳುತ್ತಿದ್ದ ಎಷ್ಟೋ ಹುಡುಗರು ಅಲ್ಲಿ ತಮ್ಮ ನೆಲೆಯನ್ನು ಕಂಡುಕೊಂಡರು.

ಮಿಯಾರಿನಲ್ಲಿ ಗುಣಪಾಲ ಕಡಂಬರು ಕಂಬಳ ಅಕಾಡೆಮಿಯನ್ನು ತೆರೆಯುವುದಕ್ಕೆ ಮೊದಲು, ನಮ್ಮ ಕಾಲದಲ್ಲಿ, ಹಿರಿಯರು ಓಡುವುದನ್ನು ನೋಡಿ ಕಲಿಯುವುದಷ್ಟೇ ರೂಢಿ. ಆದುದರಿಂದ, ನನ್ನ ಕಾಲುಗಳು ತಾವಾಗಿ ಮಾಡುತ್ತಿದ್ದುದನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕಾಗಿ ಬಂದಾಗ, ಕೆಸರಿಗೆ ಹಿಮ್ಮಡಿ ತಾಗುವ ಹೊತ್ತಿನಲ್ಲಿ ಸೊಂಟ ಎಲ್ಲಿರುತ್ತದೆ, ಹಗ್ಗದ ಬಿಗುಪು ಭುಜಕ್ಕೆ ಬರುತ್ತದೆಯೋ ಬೆನ್ನಿಗೋ ಎಂದು ನಾನೇ ಮತ್ತೆ ಚಿಂತಿಸಬೇಕಾಯಿತು. ಓಟವು ನನಗೆ ಅರ್ಥವಾದದ್ದು ಓಡುವುದನ್ನು ನಿಲ್ಲಿಸಿದ ಮೇಲೆಯೇ.

2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂದು, 2017ರ ರಾಜ್ಯದ ತಿದ್ದುಪಡಿ ಕಾಯಿದೆಯಿಂದ ಮತ್ತೆ ದಾರಿ ತೆರೆದು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವು ಆ ಕಾಯಿದೆಯನ್ನು ಎತ್ತಿಹಿಡಿದ ವೃತ್ತಾಂತವು ಎಲ್ಲರಿಗೂ ತಿಳಿದುದೇ. ಕೋಣಕ್ಕೆ ನೋವಾಗಬಾರದೆಂಬ ಕಟ್ಟಳೆಯನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಹಟ್ಟಿಯಲ್ಲಿ ಬೆಳೆದ ಹುಡುಗನ ಕೂಗೊಂದಕ್ಕೇ ಕಿವಿ ನಿಮಿರಿಸಿ ಮುನ್ನುಗ್ಗುವ ಕೋಣಗಳನ್ನು ಕಂಡವನಿಗೆ ಬೆತ್ತದ ಅಗತ್ಯದಲ್ಲಿ ನಂಬಿಕೆ ಉಳಿಯುವುದಿಲ್ಲ.

ಕಲಿಸಲು ಅತ್ಯಂತ ಕಠಿಣವಾದ ಪಾಠವೆಂದರೆ ಹಗ್ಗವನ್ನು ಬಿಡುವುದು. ನಡುಗರೆಯಲ್ಲಿ ಕಾಲು ಜಾರಿದವನು ತಕ್ಷಣ ಕೈಬಿಡದಿದ್ದರೆ ಕೋಣಗಳು ಅವನನ್ನು ಕೆಸರಿನಲ್ಲಿ ಎಳೆದೊಯ್ಯುತ್ತವೆ. ಆದರೂ ಯಜಮಾನರ ಮನೆತನದ ಗೌರವ, ದಂಡೆಯ ಮೇಲಿನ ಜನಸ್ತೋಮದ ಕೇಕೆ, ಗೆಳೆಯರ ಕಣ್ಣು, ಇವೆಲ್ಲ ಸೇರಿ ಅವನ ಬೆರಳುಗಳನ್ನು ಬಿಗಿಹಿಡಿಸುತ್ತವೆ. ಬೀಳುವುದನ್ನೂ ಬಿಡುವುದನ್ನೂ ಮೆದುಗೆಸರಿನಲ್ಲಿ ಮೇಲಿಂದ ಮೇಲೆ ಅಭ್ಯಾಸ ಮಾಡಿಸುತ್ತೇನೆ. ಆದರೆ ಹಗ್ಗ ಬಿಡುವುದರ ನಾಚಿಕೆಯನ್ನು ತೊಡೆಯುವುದು ನನ್ನೊಬ್ಬನಿಂದಾಗುವ ಕೆಲಸವಲ್ಲ. ಮಳೆಗಾಲ ಮುಗಿದೊಡನೆ ಈ ಸಲದ ಕುದಿ ಕಂಬಳಕ್ಕೆ, ಎಂದರೆ ಅಭ್ಯಾಸದ ಓಟಕ್ಕೆ, ಹೊಸ ಹುಡುಗರು ಇಳಿಯಲಿದ್ದಾರೆ. ಅವರನ್ನು ಓಡಿಸಲಿರುವ ಯಜಮಾನರೆಲ್ಲರಿಗೂ, ಹಗ್ಗ ಬಿಟ್ಟು ಎದ್ದು ಬಂದ ಹುಡುಗನನ್ನು ಕರೆಯ ಕೊನೆಯ ಮಂಜೊಟ್ಟಿಯಲ್ಲಿ ಯಾರೂ ಗದರಕೂಡದೆಂದು, ಅವನಿಗೆ ಮುಂದಿನ ಓಟವನ್ನು ಕೊಟ್ಟೇ ಕೊಡಬೇಕೆಂದು, ಈಗಾಗಲೇ ಹೇಳಿ ಒಪ್ಪಿಸಿದ್ದೇನೆ.