ಅಂಚೆಚೀಟಿ ಮಾರುವವರ ಗಮನಕ್ಕೆ: ಪ್ಯಾಕಿಂಗ್, ಬಿಲ್ — ಮಾಡಬೇಕಾದ್ದು, ಮಾಡಬಾರದ್ದು

ಆನವಟ್ಟಿ, ಶಿರಾಳಕೊಪ್ಪ, ಸೊರಬ, ಶಿಕಾರಿಪುರ ಕಡೆಯಿಂದ ಆನ್‌ಲೈನಿನಲ್ಲಿ ಹಳೇ ಅಂಚೆಚೀಟಿ, ಫಸ್ಟ್ ಡೇ ಕವರ್, ಮಿನಿಯೇಚರ್ ಶೀಟ್ ಮಾರುವ ಎಲ್ಲರಿಗೂ ಇದು ಅನ್ವಯ.

ಶೀತಕ್ಕೆ ಅಂಟು ಕಾಗದಕ್ಕೆ ಕಚ್ಚಿತೆಂದರೆ ಮಿಂಟ್ ಚೀಟಿ ಮಿಂಟಾಗಿ ಉಳಿಯುವುದಿಲ್ಲ. ಅಂಚಿನ ಒಂದು ಹಲ್ಲು ಮುರಿದರೆ ಬೆಲೆ ಅರ್ಧಕ್ಕೆ ಇಳಿದೀತು. ಬಿಲ್ ಇಲ್ಲದ ಲಕೋಟೆ ದಾರಿಯಲ್ಲಿ ಕಳೆದರೆ, ಅದರೊಳಗೆ ಏನಿತ್ತು ಎಂದು ತೋರಿಸಲು ನಿಮ್ಮ ಬಳಿ ಚೂರು ಕಾಗದವೂ ಇರುವುದಿಲ್ಲ. ಪ್ಯಾಕ್ ಮಾಡುವ ಮೇಜಿನ ಎದುರಿಗೆ ಇದನ್ನು ಅಂಟಿಸಿಕೊಳ್ಳಿ.

ಪ್ಯಾಕಿಂಗ್: ಮಾಡಬೇಕಾದ್ದು

- ಕೈ ತೊಳೆದು, ಪೂರ್ತಿ ಒಣಗಿದ ಮೇಲೆ ಕೆಲಸಕ್ಕೆ ಕೂರಿ.
- ಚೀಟಿಯನ್ನು ಚಿಮುಟದಲ್ಲೇ ಎತ್ತಿ. ತುದಿ ಚಪ್ಪಟೆಯಾಗಿ ನುಣ್ಣಗಿರುವ ಸ್ಟಾಂಪ್ ಚಿಮುಟವೇ ಬೇಕು. ಹುಬ್ಬು ಕೀಳುವ ಚಿಮುಟ ಆಗದು.
- ಎರಡೂ ಬದಿ ಸ್ಕ್ಯಾನ್ ಮಾಡಿ. ತಕರಾರು ಬರುವುದು ಹೆಚ್ಚಾಗಿ ಹಿಂಬದಿಯ ಬಗ್ಗೆ: ಅಂಟು ಹೋಗಿದೆ, ಕಾಗದ ತೆಳುವಾಗಿದೆ, ಹಿಂಜ್ ಗುರುತಿದೆ.
- ಮಳೆಗಾಲದಲ್ಲಿ ಮೊದಲು ಹಪ್ಪಳ ನೋಡಿ. ಹೊರಗಿಟ್ಟ ಹಪ್ಪಳ ಅರ್ಧ ಗಂಟೆಗೆ ಮೆತ್ತಗಾಯಿತೋ, ಅವತ್ತು ಮಿಂಟ್ ಚೀಟಿ ಮುಟ್ಟದೆ ಬಳಸಿದ ಚೀಟಿಗಳನ್ನಷ್ಟೇ ಪ್ಯಾಕ್ ಮಾಡಿ.
- ರಟ್ಟನ್ನೂ ಗ್ಲಾಸಿನ್ ಕವರನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಕಡೆ ಚೀಟಿಯನ್ನು ಬೀರುವಿನಲ್ಲಿ ಜೋಪಾನ ಮಾಡಿ ರಟ್ಟನ್ನು ಅಟ್ಟಕ್ಕೆ ಎಸೆಯುವವರೇ ಜಾಸ್ತಿ. ಅಟ್ಟದ ರಟ್ಟಿನ ಶೀತ ಎರಡು ದಿನದ ಪ್ರಯಾಣದಲ್ಲಿ ಚೀಟಿಗೆ ಇಳಿಯುತ್ತದೆ.
- ಚೀಟಿ ಗ್ಲಾಸಿನ್ ಕವರಿಗೆ, ಅದು ಸ್ಟಾಕ್ ಕಾರ್ಡಿಗೆ, ಕಾರ್ಡು ಜಿಪ್ ಲಾಕ್ ಕವರಿಗೆ, ಜಿಪ್ ಲಾಕ್ ಎರಡು ರಟ್ಟಿನ ನಡುವೆ. ಇದೇ ಕ್ರಮದಲ್ಲಿ ಹಾಕಿ.
- ಎರಡು ರಟ್ಟಿನ ಏಣುಗೆರೆಗಳನ್ನು ಒಂದಕ್ಕೊಂದು ಅಡ್ಡ ಇಡಿ: ಒಂದರದು ಉದ್ದಕ್ಕೆ, ಇನ್ನೊಂದರದು ಅಗಲಕ್ಕೆ. ಎರಡೂ ಒಂದೇ ದಿಕ್ಕಿಗಿದ್ದರೆ ಅಂಚೆ ಚೀಲದಲ್ಲಿ ಗೆರೆಯ ಗುಂಟ ಮಡಚುತ್ತವೆ.
- ರಟ್ಟು ಒಳಗಿನ ಕಾರ್ಡಿಗಿಂತ ಎಲ್ಲ ಕಡೆ ಒಂದು ಬೆರಳಗಲ ದೊಡ್ಡದಿರಲಿ.
- ಟೇಪಿನ ತುದಿ ಮಡಚಿ ಸಣ್ಣ ಬಾಲ ಬಿಡಿ. ಕೊಂಡವರು ಬ್ಲೇಡು ಹಾಕದೆ ಬಿಚ್ಚುವಂತಿರಬೇಕು.
- ಚಂದನದ ಪರಿಮಳದ ಚೀಟಿಯನ್ನು ಬೇರೆ ಕವರಿನಲ್ಲಿ ಹಾಕಿ. 2006ರ ಡಿಸೆಂಬರ್ 13ರಂದು ಬಂದ ಈ 15 ರೂಪಾಯಿ ಚೀಟಿ ದೇಶದ ಮೊದಲ ಪರಿಮಳದ ಚೀಟಿ. ಗಂಧ ಕೆತ್ತುವ ಗುಡಿಗಾರರ ಊರಿನ ಹತ್ತಿರದಿಂದ ಬಂದದ್ದೆಂದು ಕೇಳಿ ಕೊಳ್ಳುವವರಿದ್ದಾರೆ.
- ತೂಕ 50 ಗ್ರಾಮಿನ ಒಳಗೆ ತನ್ನಿ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರದಲ್ಲಿ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟಿಗೆ ಸ್ಥಳೀಯವಾಗಿ 19 ರೂಪಾಯಿ, ಹೊರಗಿನ ಊರುಗಳಿಗೆ 47 ರೂಪಾಯಿ, ಜಿಎಸ್‌ಟಿ ಬೇರೆ.

ಪ್ಯಾಕಿಂಗ್: ಮಾಡಬಾರದ್ದು

- ಬರಿ ಬೆರಳಲ್ಲಿ ಮುಟ್ಟುವುದು ಬೇಡ. ಬೆವರಿನ ಗುರುತು ಅಂಟಿನ ಮೇಲೆ ಉಳಿಯುತ್ತದೆ.
- ಚೀಟಿ, ಕಾರ್ಡು, ಗ್ಲಾಸಿನ್ ಯಾವುದಕ್ಕೂ ಸ್ಟೇಪಲ್ ಹೊಡೆಯಬಾರದು.
- ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ಅದು ಕಾಲಕ್ರಮೇಣ ಬಿಡುವ ಎಣ್ಣೆಯಂಥ ಪಸೆ ಬಣ್ಣ ಕೆಡಿಸುತ್ತದೆ. ಪಾಲಿಪ್ರೊಪಿಲೀನ್ ಕವರ್ ಕೇಳಿ ತನ್ನಿ.
- ಹಳೇ ಪೇಪರಿನಲ್ಲಿ ಸುತ್ತುವುದು ಬೇಡ.
- ಎರಡು ಮಿಂಟ್ ಚೀಟಿಗಳನ್ನು ಒಂದರ ಮೇಲೊಂದು ಒತ್ತಿ ಇಡಬಾರದು. ಮುಂಗಾರಿನಲ್ಲಿ ಅವು ಒಂದೇ ಹಾಳೆಯಾಗಿ ತಲುಪುತ್ತವೆ.
- ಶೀತವಾದ ಚೀಟಿಯನ್ನು ಒಲೆಯ ಹತ್ತಿರ, ಬಿಸಿಲಲ್ಲಿ, ಹೇರ್ ಡ್ರೈಯರಿನಲ್ಲಿ ಒಣಗಿಸುವುದು ಬೇಡ. ಅಂಟು ಬಿರಿಯುತ್ತದೆ, ಕಾಗದ ಸುರುಳಿಯಾಗುತ್ತದೆ.
- ಫಸ್ಟ್ ಡೇ ಕವರನ್ನು ಸಣ್ಣ ಲಕೋಟೆಗೆ ಹೊಂದಿಸಲು ಮಡಚಬಾರದು.
- 2011ರ ಖಾದಿ ಗಾಂಧಿ ಚೀಟಿಯನ್ನು ಕಾಗದದ ಚೀಟಿಯಂತೆ ಬಿಚ್ಚಿ ಇಡಬಾರದು. ಅದು ಬಟ್ಟೆ, ತೇವ ಹೀರುತ್ತದೆ. ಅದರ ಫೋಲ್ಡರ್ ಸಮೇತ ಕಳಿಸಿ.
- ಪರಿಮಳದ ಚೀಟಿಯನ್ನು ವಿಡಿಯೋದಲ್ಲಿ ಉಜ್ಜಿ ತೋರಿಸುವುದು ಬೇಡ.
- ಹಳೇ ಕ್ರಯಪತ್ರ, ಕೋರ್ಟು ಕಾಗದಗಳಿಂದ ಮೈಸೂರು ಸಂಸ್ಥಾನದ ಸ್ಟಾಂಪು ಕತ್ತರಿಸಿ ಮಾರಬಾರದು. ಕಾಗದದ ಬೆಲೆ ಹೋಗುತ್ತದೆ. ಅದು ನಿಮ್ಮದೇ ಜಮೀನಿನ ಕಾಗದವಾಗಿದ್ದರೆ ನಾಳೆ ವ್ಯಾಜ್ಯಕ್ಕೆ ದಾಖಲೆಯೂ ಇಲ್ಲ.

ಕೌಂಟರಿನಲ್ಲಿ

- ವಿಳಾಸ, ಪಿನ್ ಕೋಡ್, ಮೊಬೈಲ್ ನಂಬರ್ ನೀರಿಗೆ ಅಳಿಯದ ಇಂಕಿನಲ್ಲಿ ಬರೆಯಿರಿ.
- ಅದೇ ವಿಳಾಸವನ್ನು ಇನ್ನೊಂದು ಕಾಗದದಲ್ಲಿ ಬರೆದು ಒಳಗೂ ಹಾಕಿ.
- "ಬಗ್ಗಿಸಬೇಡಿ" ಎಂದು ಕನ್ನಡದಲ್ಲಿ ಬರೆದು, ಹೊರರಾಜ್ಯಕ್ಕಾದರೆ ಇಂಗ್ಲಿಷು ಅಥವಾ ಹಿಂದಿಯಲ್ಲೂ ಬರೆಯಿರಿ.
- ಬೆಲೆಯ ಚೀಟಿಯಾದರೆ ನೋಂದಣಿ ಸೇವೆ, ಒಟಿಪಿ ವಿತರಣೆ ಎರಡನ್ನೂ ಕೇಳಿ ಹಾಕಿಸಿ. ಒಂದೊಂದಕ್ಕೂ 5 ರೂಪಾಯಿ, ಜಿಎಸ್‌ಟಿ ಬೇರೆ. ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ.
- ವಿಮೆ ಮಾಡಿಸಿ. ಸ್ಪೀಡ್ ಪೋಸ್ಟ್ ಕಳೆದರೆ ಸಿಗುವ ಸಾಮಾನ್ಯ ಪರಿಹಾರ ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. 47 ರೂಪಾಯಿ ಕಟ್ಟಿದವರಿಗೆ ನೂರರ ಆಸುಪಾಸು ಅಷ್ಟೆ. ಒಳಗಿದ್ದ ಚೀಟಿ 8 ಸಾವಿರದ್ದಾದರೂ ಅಷ್ಟೆ.
- ಮಳೆಯಲ್ಲಿ ಕೆಂಪು ಡಬ್ಬಿಗೆ ಹಾಕಿ ಬರುವುದು ಬೇಡ.
- ಲಕೋಟೆಯ ಹೊರಗೆ "ಅಪರೂಪದ ಸ್ಟಾಂಪು", "ಬೆಲೆಬಾಳುವಂಥದ್ದು" ಎಂದು ಬರೆಯಬಾರದು. ಕಳ್ಳನಿಗೆ ನೀವೇ ದಾರಿ ತೋರಿಸಿದಂತೆ.
- ರಸೀದಿಯ ಫೋಟೋ ತೆಗೆಯದೆ ಕೌಂಟರ್ ಬಿಟ್ಟು ಕದಲಬಾರದು. ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ.

ಬಿಲ್: ಮಾಡಬೇಕಾದ್ದು

- ಬೇರೆ ರಾಜ್ಯಕ್ಕೆ ವ್ಯಾಪಾರವಾಗಿ ಮಾರುವ ಮೊದಲೇ ಜಿಎಸ್‌ಟಿ ನೋಂದಣಿ ಮಾಡಿಸಿ. ನೋಂದಣಿ ಬೇಡವೆನ್ನುವ 40 ಲಕ್ಷದ ವಹಿವಾಟಿನ ಮಿತಿ ಕರ್ನಾಟಕದೊಳಗೆ ಸರಕು ಮಾರುವವರಿಗೆ ಮಾತ್ರ. ಆನವಟ್ಟಿಯಿಂದ ಪುಣೆಗೆ 300 ರೂಪಾಯಿಯ ಒಂದು ಚೀಟಿ ಹೋದರೂ ಅದು ಅಂತರರಾಜ್ಯ ಮಾರಾಟವೇ. ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ದಂಡ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಯಾವುದು ಹೆಚ್ಚೋ ಅದು.
- ರಾಜ್ಯದೊಳಗೆ ಮಾತ್ರ, ಆನ್‌ಲೈನ್ ಮಾರಾಟ ತಾಣದ ಮೂಲಕ, ಮಿತಿಯ ಒಳಗೆ ಮಾರುವವರು ಜಿಎಸ್‌ಟಿ ಪೋರ್ಟಲಿನಲ್ಲಿ ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆಯಿರಿ. ಈ ಸವಲತ್ತು 2023ರ ಅಕ್ಟೋಬರ್ 1ರಿಂದ ಇದೆ.
- ಬಿಲ್ಲಿಗೆ ಸಾಲು ಸಂಖ್ಯೆ ಹಾಕಿ, ಸಂಖ್ಯೆ ತಪ್ಪಿಸದಿರಿ. ರದ್ದಾದ ಬಿಲ್ಲನ್ನೂ ಫೈಲಿನಲ್ಲೇ ಇಡಿ.
- ದಿನಾಂಕ, ಕೊಂಡವರ ಹೆಸರು, ವಿಳಾಸ, ರಾಜ್ಯ, ಸರಕಿನ ಎಚ್‌ಎಸ್‌ಎನ್ ಸಂಕೇತ 9704 ಬರೆಯಿರಿ.
- ಅಂಚೆ ವೆಚ್ಚವನ್ನು ಬೇರೆ ಸಾಲಿನಲ್ಲಿ ತೋರಿಸಿ.
- ಒಂದೊಂದು ಚೀಟಿಯನ್ನೂ ಗುರುತು ಸಿಗುವಂತೆ ಬರೆಯಿರಿ. ಹೀಗೆ: "ಭಾರತ, 1948, ಗಾಂಧಿ, 10 ರೂ., ಸ್ಟಾನ್ಲಿ ಗಿಬ್ಬನ್ಸ್ 308, ಬಳಸಿದ್ದು, ಬಲಗಡೆ ಕೆಳಮೂಲೆಯ ಒಂದು ಹಲ್ಲು ಮೊಟಕು, ತೆಳುವಿಲ್ಲ, ತಜ್ಞರ ಪ್ರಮಾಣಪತ್ರ ಇಲ್ಲ, 1." ಈ ಚೀಟಿಗೆ ನಕಲು ಬಹಳ. ಪ್ರಮಾಣಪತ್ರ ಇಲ್ಲವೆಂಬುದನ್ನೂ ಬರೆದವರೇ ಆಮೇಲೆ ನೆಮ್ಮದಿಯಾಗಿ ಇರುತ್ತಾರೆ.
- ನೀವು ಕೊಂಡಾಗಿನ ಬೆಲೆಯ ರಸೀದಿಯನ್ನೂ ಜೋಡಿಸಿಡಿ. ಹಳೇ ಸರಕಿನ ವ್ಯಾಪಾರಿಗೆ ಲಾಭದ ಅಂತರದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶ ನಿಯಮದಲ್ಲಿದೆ. ಕೊಂಡ ಬೆಲೆ ತೋರಿಸಲಾಗದಿದ್ದರೆ ಅದು ದಕ್ಕುವುದಿಲ್ಲ.
- ಬಿಲ್ಲಿನ ಒಂದು ಪ್ರತಿ ಲಕೋಟೆಯೊಳಗೆ ರಟ್ಟಿನ ಹೊರಬದಿಗೆ ಇಡಿ, ಇನ್ನೊಂದನ್ನು ಫೈಲಿಗೆ ಹಾಕಿ.
- ನೋಂದಣಿಯಾದವರು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆ ಕಾಪಾಡಿ.

ಬಿಲ್: ಮಾಡಬಾರದ್ದು

- ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡಬಾರದು.
- ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿದ್ದು ಹೊರರಾಜ್ಯಕ್ಕೆ ಮಾರಬಾರದು.
- "ಹಳೇ ಸ್ಟಾಂಪು, 1 ಸೆಟ್" ಎಂದು ಬಿಲ್ ಬರೆಯುವುದು ಬೇಡ. ಅದು ಬಿಲ್ಲೇ ಅಲ್ಲ.
- ಮನೆಖರ್ಚಿನ ಯುಪಿಐಗೆ ವ್ಯಾಪಾರದ ದುಡ್ಡು ಹಾಕಿಸಿಕೊಳ್ಳುವುದು ಬೇಡ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತ ನೋಡಿಯೇ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಭಾವ ಕಳಿಸಿದ ಸಾಲದ ದುಡ್ಡನ್ನೂ ಚೀಟಿ ಮಾರಿದ ದುಡ್ಡನ್ನೂ ಆಮೇಲೆ ಬಿಡಿಸುತ್ತ ಕೂರಬೇಕಾಗುತ್ತದೆ.
- ನೋಟಿಸಿಗೆ ಹೆದರಿ ಕ್ಯೂಆರ್ ಕೋಡ್ ಕಿತ್ತು ನಗದು ಕೇಳುವುದು ಬೇಡ.
- "ಮಾರಿದ ಮಾಲು ವಾಪಸಿಲ್ಲ" ಎಂದು ಅಚ್ಚು ಹಾಕಿಸುವುದು ಬೇಡ. ದೋಷವಿದ್ದರೆ, ನಕಲಿಯಾಗಿದ್ದರೆ, ವಿವರಣೆಗೆ ಹೊಂದದಿದ್ದರೆ ವಾಪಸು ಪಡೆಯಲೇಬೇಕು; 2020ರ ಇ-ಕಾಮರ್ಸ್ ನಿಯಮ ಹಾಗೆಂದು ಹೇಳುತ್ತದೆ.
- ಮೈಸೂರು ಸಂಸ್ಥಾನದ ಕೋರ್ಟ್ ಫೀ, ರೆವಿನ್ಯೂ ಸ್ಟಾಂಪನ್ನು "ಮೈಸೂರು ಅಂಚೆಚೀಟಿ" ಎಂದು ಬರೆಯಬಾರದು. ಮೈಸೂರು ಅಂಟಿಸುವ ಅಂಚೆಚೀಟಿ ಹೊರಡಿಸಿಯೇ ಇಲ್ಲ. ತಿಳಿದವರು ಒಂದೇ ನೋಟಕ್ಕೆ ಹಿಡಿಯುತ್ತಾರೆ, ಮತ್ತೆ ನಿಮ್ಮಲ್ಲಿ ಕೊಳ್ಳುವುದಿಲ್ಲ.
- ನಕಲಿ ಚೀಟಿಯನ್ನು "ಮಾದರಿ" ಎಂದು ಹೆಸರಿಟ್ಟೂ ಮಾರಬಾರದು. ಕೃತಕ ಅಂಚೆಚೀಟಿ ಮಾಡುವುದೂ ಮಾರುವುದೂ ಅಪರಾಧ.
- ಮುದ್ರೆ ತೊಳೆದ ಚೀಟಿಯನ್ನು ಮಿಂಟ್ ಎಂದು ಮಾರುವುದು, ಮತ್ತೆ ಅಂಚೆಗೆ ಬಳಸುವುದು ಎರಡೂ ಬೇಡ.

ವಿದೇಶಕ್ಕೆ

- ಕಸ್ಟಮ್ಸ್ ಫಾರಂನಲ್ಲಿ ನಿಜವಾದ ಬೆಲೆ, ನಿಜವಾದ ವಿವರಣೆ ಬರೆಯಿರಿ.
- ಮಾರಿದ್ದನ್ನು "ಉಡುಗೊರೆ" ಎಂದು ಬರೆಯಬಾರದು, ಕೊಂಡವರು ಎಷ್ಟೇ ಒತ್ತಾಯ ಮಾಡಲಿ.
- 100 ವರ್ಷ ದಾಟಿದ್ದನ್ನು ಕಳಿಸಬಾರದು. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆಯಡಿ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆರು ತಿಂಗಳಿಂದ ಮೂರು ವರ್ಷ ಜೈಲು, ಜೊತೆಗೆ ದಂಡ. ಐತಿಹಾಸಿಕ ಬೆಲೆಯ ಕೈಬರಹ, ದಾಖಲೆಗಳಿಗೆ 75 ವರ್ಷವೇ ಗಡಿ.
- ಮೈಸೂರು ಸಂಸ್ಥಾನದ ಅಂಚೆಯ ಮುದ್ರೆಯಿರುವ ಕವರ್ ಯಾವುದನ್ನೂ ಕಳಿಸುವುದು ಬೇಡ. ಆ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು, ಅಂದಮೇಲೆ ಅದರ ಕವರ್ ಎಲ್ಲವೂ ನೂರು ದಾಟಿದ್ದೇ.
- ಅನುಮಾನ ಬಂದರೆ ಪುರಾತತ್ವ ಇಲಾಖೆಯಿಂದ "ಪುರಾತನ ವಸ್ತುವಲ್ಲ" ಎಂಬ ಪ್ರಮಾಣಪತ್ರ ತೆಗೆದುಕೊಂಡೇ ಕಳಿಸಿ.

ತಕರಾರು ಬಂದಾಗ

- ಅದೇ ದಿನ ಉತ್ತರ ಕೊಡಿ.
- ನಿಮ್ಮ ಸ್ಕ್ಯಾನ್, ಬಿಲ್, ಟ್ರ್ಯಾಕಿಂಗ್ ಸಂಖ್ಯೆ ಮೂರನ್ನೂ ಒಟ್ಟಿಗೆ ಕಳಿಸಿ.
- ಕೊಂಡವರಿಂದ ಹರಿದ ಲಕೋಟೆಯ ಫೋಟೋ ಕೇಳಿ ಪಡೆಯಿರಿ, ಲಕೋಟೆ ಎಸೆಯದಂತೆ ಹೇಳಿ.
- ಫೋನಿನಲ್ಲಿ ಜಗಳ ಬೇಡ. ಏನಿದ್ದರೂ ಬರಹದಲ್ಲಿರಲಿ.
- ಅಂಚೆ ಕಚೇರಿಗೆ ಬಾಯಿಮಾತಿನಲ್ಲಿ ದೂರು ಹೇಳಿ ಬರುವುದು ಬೇಡ. ದೂರಿನ ಸಂಖ್ಯೆ ಕೈಗೆ ಬಾರದೆ ಅಲ್ಲಿಂದ ಹೊರಡಬಾರದು.