ಕಡತದ ಇಂಗ್ಲಿಷಿನಲ್ಲಿ ‘ಲಾಂಗ್’: ಉದ್ದ, ಅವಧಿ, ಷರತ್ತು



ನಮ್ಮ ಸಭೆಗಳ ಚರ್ಚೆ ಕನ್ನಡದಲ್ಲಿ ನಡೆಯುತ್ತದೆ. ನಡವಳಿಯೂ ಕನ್ನಡದಲ್ಲಿಯೇ ದಾಖಲಾಗುತ್ತದೆ. ಆದರೆ ಸಭೆಯ ಮುಂದೆ ಮಂಡಿಸಲಾಗುವ ಅಂದಾಜು ಪಟ್ಟಿ, ಟೆಂಡರ್ ಷರತ್ತು, ಕರಾರು ಪತ್ರಗಳಲ್ಲಿ ಅನೇಕವು ಇಂಗ್ಲಿಷಿನಲ್ಲಿರುತ್ತವೆ. ಅವುಗಳಲ್ಲಿ ಕಠಿಣ ಪದ ಬಂದರೆ ನಾವು ಅರ್ಥ ಕೇಳುತ್ತೇವೆ. ಪರಿಚಿತ ಪದ ಬಂದರೆ ಕೇಳದೆ ಮುಂದೆ ಹೋಗುತ್ತೇವೆ. ‘ಲಾಂಗ್’ ಅಂತಹ ಪರಿಚಿತ ಪದ. ಇದರ ಅರ್ಥ ‘ಉದ್ದ’ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಕಡತದಲ್ಲಿ ಈ ಪದ ಕೆಲವೆಡೆ ಮೀಟರನ್ನು, ಕೆಲವೆಡೆ ದಿನವನ್ನು, ಕೆಲವೆಡೆ ಷರತ್ತನ್ನು ಸೂಚಿಸುತ್ತದೆ. ಯಾವುದು ಎಲ್ಲಿ ಎಂಬುದನ್ನು ಗುರುತಿಸುವುದೇ ಈ ಪಾಠದ ಉದ್ದೇಶ.

1. ಅಳತೆಯ ‘ಲಾಂಗ್’

ಅಂದಾಜು ಪಟ್ಟಿಯಲ್ಲಿ ‘ಎಲ್’, ‘ಬಿ’, ‘ಡಿ’ ಎಂಬ ಮೂರು ಕಲಂಗಳಿರುತ್ತವೆ. ಇವು ಲೆಂಗ್ತ್, ಬ್ರೆಡ್ತ್, ಡೆಪ್ತ್. ಅಂದರೆ ಉದ್ದ, ಅಗಲ, ಆಳ ಅಥವಾ ದಪ್ಪ. ‘ಲೆಂಗ್ತ್’ ಎಂಬುದು ‘ಲಾಂಗ್’ ಪದದ ನಾಮಪದ ರೂಪ. 200 ಮೀಟರ್ ಉದ್ದ, 3 ಮೀಟರ್ ಅಗಲ, 0.15 ಮೀಟರ್ ದಪ್ಪದ ಕಾಂಕ್ರೀಟ್ ರಸ್ತೆಗೆ 90 ಘನ ಮೀಟರ್ ಕಾಂಕ್ರೀಟ್ ಬೇಕು. ಸ್ಥಳದಲ್ಲಿ ಉದ್ದ 180 ಮೀಟರ್ ಮಾತ್ರ ಇದ್ದರೆ ಬೇಕಾಗುವುದು 81 ಘನ ಮೀಟರ್. ಉದ್ದದ ಕಲಂನ ಒಂದು ಅಂಕಿಯಿಂದ 9 ಘನ ಮೀಟರ್ ಕಾಂಕ್ರೀಟಿನ ಹಣ ಹೆಚ್ಚು ಪಾವತಿಯಾಗುತ್ತದೆ.

ವಾಕ್ಯದಲ್ಲಿ ಸಂಖ್ಯೆಯು ‘ಲಾಂಗ್’ ಪದಕ್ಕಿಂತ ಮೊದಲು ಬರುತ್ತದೆ: ‘ದ ಡ್ರೇನ್ ಈಸ್ 200 ಮೀಟರ್ಸ್ ಲಾಂಗ್’. ಕನ್ನಡದಲ್ಲಿಯೂ ‘200 ಮೀಟರ್ ಉದ್ದ’ ಎಂಬುದೇ ಕ್ರಮ. ಇದನ್ನೇ ವಿಶೇಷಣವಾಗಿ ಹೆಸರಿನ ಮುಂದೆ ಇಟ್ಟಾಗ ‘ಎ 200 ಮೀಟರ್ ಲಾಂಗ್ ಡ್ರೇನ್’ ಎನ್ನಬೇಕು. ಇಲ್ಲಿ ‘ಮೀಟರ್ಸ್’ ಎಂಬ ಬಹುವಚನ ಬರುವುದಿಲ್ಲ.

2. ಉದ್ದ, ಎತ್ತರ, ದೂರ

‘ಆ ಮನುಷ್ಯ ಉದ್ದ ಇದ್ದಾನೆ’ ಎಂದು ನಾವು ಹೇಳುತ್ತೇವೆ. ಇಂಗ್ಲಿಷಿನಲ್ಲಿ ಮನುಷ್ಯನಿಗೆ ‘ಲಾಂಗ್’ ಸಲ್ಲದು, ‘ಟಾಲ್’ ಎನ್ನಬೇಕು. ನೆಲದ ಮೇಲೆ ಮಲಗಿಸಿದ ವಿದ್ಯುತ್ ಕಂಬ ‘ಲಾಂಗ್’, ಅದನ್ನು ನೆಟ್ಟು ನಿಲ್ಲಿಸಿದರೆ ‘ಟಾಲ್’. ಪಟ್ಟಿಯಲ್ಲಿ ಕಂಬದ ‘ಲೆಂಗ್ತ್’ 8 ಮೀಟರ್ ಎಂದಿದ್ದು, ಒಂದೂವರೆ ಮೀಟರ್ ನೆಲದೊಳಗೆ ಹೂತಿದ್ದರೆ, ಹೊರಗೆ ಕಾಣುವ ‘ಹೈಟ್’ ಆರೂವರೆ ಮೀಟರ್. ಈ ವ್ಯತ್ಯಾಸ ತಿಳಿದಿದ್ದರೆ ಅನಗತ್ಯ ಆಕ್ಷೇಪಣೆಯೂ ಬರುವುದಿಲ್ಲ, ಅಗತ್ಯವಾದ ಆಕ್ಷೇಪಣೆ ಬಿಟ್ಟೂ ಹೋಗುವುದಿಲ್ಲ.

ಹುನಗುಂದದಿಂದ ಇಳಕಲ್‌ಗೆ ಎಷ್ಟು ದೂರ ಎಂದು ಕೇಳಲು ‘ಹೌ ಫಾರ್’ ಎನ್ನಬೇಕು. ರಸ್ತೆಗೆ ಉದ್ದವಿದೆ, ಊರಿಗೆ ದೂರವಿದೆ. ಅಂದಾಜು ಪಟ್ಟಿಯಲ್ಲಿ ಕಲ್ಲು, ಮರಳು ಸಾಗಿಸುವ ದೂರಕ್ಕೆ ‘ಲೀಡ್’ ಎಂಬ ಬೇರೆಯೇ ಪದವಿದೆ. ‘ಲೆಂಗ್ತ್’ ಮತ್ತು ‘ಲೀಡ್’ ಎರಡೂ ಕಿಲೋಮೀಟರಿನಲ್ಲಿ ಬರೆಯಲ್ಪಡಬಹುದು. ಒಂದು ಕಾಮಗಾರಿಯ ಅಳತೆ, ಇನ್ನೊಂದು ಸಾಗಾಣಿಕೆಯ ಅಳತೆ.

3. ಕಾಲದ ‘ಲಾಂಗ್’

‘ಹೌ ಲಾಂಗ್’ ಎಂಬ ಪ್ರಶ್ನೆಗೆ ಎರಡು ಉತ್ತರಗಳುಂಟು. ಇಳಕಲ್ ಸೀರೆಯ ಕುರಿತು ‘ಹೌ ಲಾಂಗ್ ಈಸ್ ಇಟ್’ ಎಂದರೆ ಉತ್ತರ ಆರು ಗಜ, ಎಂಟು ಗಜ ಅಥವಾ ಒಂಬತ್ತು ಗಜ. ‘ಹೌ ಲಾಂಗ್ ಡಸ್ ಇಟ್ ಟೇಕ್’ ಎಂದರೆ ನೇಯಲು ತಗಲುವ ದಿನಗಳನ್ನು ಹೇಳಬೇಕು. ‘ಟೇಕ್’, ‘ವೇಟ್’, ‘ಸಿನ್ಸ್’, ‘ಟರ್ಮ್’, ‘ಪೆಂಡಿಂಗ್’ ಮುಂತಾದ ಪದಗಳು ಹತ್ತಿರದಲ್ಲಿದ್ದರೆ ಅದು ಕಾಲದ ‘ಲಾಂಗ್’ ಎಂದು ತಿಳಿಯಬಹುದು. ‘ಲಾಂಗ್ ಪೆಂಡಿಂಗ್’ ಆಕ್ಷೇಪಣೆ ಎಂದರೆ ಬಹುಕಾಲದಿಂದ ಬಾಕಿ ಇರುವುದು. ‘ಲಾಂಗ್ ಟರ್ಮ್ ಲೀಸ್’ ಎಂದರೆ ದೀರ್ಘಾವಧಿ ಗುತ್ತಿಗೆ.

ಇದು ಕನ್ನಡಕ್ಕೆ ಹೊಸತಲ್ಲ. ‘ದಾರಿಯುದ್ದಕ್ಕೂ’ ಎನ್ನುವಂತೆಯೇ ‘ವರ್ಷದುದ್ದಕ್ಕೂ’ ಎನ್ನುತ್ತೇವೆ. ‘ದೀರ್ಘದಂಡ ನಮಸ್ಕಾರ’ದಲ್ಲಿ ದೀರ್ಘವು ಮೈಯ ಉದ್ದ, ‘ದೀರ್ಘ ಸ್ವರ’ದಲ್ಲಿ ಅದು ಉಚ್ಚಾರಣೆಯ ಕಾಲ.

ಎರಡು ಪದಗಳ ಸ್ಥಾನ ಬದಲಾದರೂ ಅರ್ಥ ಬದಲಾಗುತ್ತದೆ. ‘ಲಾಂಗ್ ಬಿಫೋರ್’ ಎಂದರೆ ಬಹಳ ಮೊದಲೇ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹಾಲಯವು, ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕಿಂತ ‘ಲಾಂಗ್ ಬಿಫೋರ್’. ಆದರೆ ‘ಬಿಫೋರ್ ಲಾಂಗ್’ ಎಂದರೆ ಶೀಘ್ರದಲ್ಲಿಯೇ. ಅನುದಾನ ‘ಬಿಫೋರ್ ಲಾಂಗ್’ ಬರಲಿದೆ ಎಂಬ ಪತ್ರವನ್ನು ‘ಬಹಳ ಹಿಂದೆಯೇ ಬಂದಿದೆ’ ಎಂದು ಓದಬಾರದು.

4. ಷರತ್ತಿನ ‘ಲಾಂಗ್’

‘ಆ್ಯಸ್ ಲಾಂಗ್ ಆ್ಯಸ್’ ಮತ್ತು ‘ಸೋ ಲಾಂಗ್ ಆ್ಯಸ್’ ಎಂಬ ಪದಗುಚ್ಛಗಳು ಕರಾರು ಪತ್ರಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಇವುಗಳ ಅರ್ಥ ‘ಇರುವವರೆಗೆ’, ‘ಇದ್ದಲ್ಲಿ ಮಾತ್ರ’. ಪಂಚಾಯತಿಯ ಮಳಿಗೆಯನ್ನು ಬಾಡಿಗೆಗೆ ಕೊಡುವ ಕರಾರಿನಲ್ಲಿ, ಬಾಡಿಗೆದಾರರು ಪ್ರತಿ ತಿಂಗಳು ಬಾಡಿಗೆ ಪಾವತಿಸುವ ತನಕ, ‘ಸೋ ಲಾಂಗ್ ಆ್ಯಸ್’, ಅವರ ಹಕ್ಕು ಮುಂದುವರಿಯುತ್ತದೆ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಇಲ್ಲಿ ಇಂತಿಷ್ಟು ವರ್ಷ ಎಂಬ ಮಾತೇ ಇಲ್ಲ. ಬಾಡಿಗೆ ಬರುತ್ತಿರುವಷ್ಟು ಕಾಲವೂ ಮಳಿಗೆ ಅವರ ಕೈಯಲ್ಲಿಯೇ ಉಳಿಯಬಹುದು. ಅವಧಿಯನ್ನು ವರ್ಷಗಳಲ್ಲಿ ನಮೂದಿಸಬೇಕೆಂದು ಠರಾವಿಗೆ ಮೊದಲೇ ಒತ್ತಾಯಿಸುವುದು ಸದಸ್ಯರ ಕರ್ತವ್ಯ.

5. ‘ನೋ ಲಾಂಗರ್’

‘ಲಾಂಗರ್’ ಎಂದರೆ ‘ಹೆಚ್ಚು ಉದ್ದ’ ಅಥವಾ ‘ಹೆಚ್ಚು ಕಾಲ’. ಕ್ರಿಯೆಯೊಂದಿಗೆ ಬರುವ ‘ನೋ ಲಾಂಗರ್’ ಎಂದರೆ ‘ಮೊದಲು ಇತ್ತು, ಈಗ ಇಲ್ಲ’. ಕೊಳವೆಬಾವಿಗಳ ಪಟ್ಟಿಯಲ್ಲಿ ಒಂದರ ಮುಂದೆ ‘ನೋ ಲಾಂಗರ್ ಇನ್ ಯೂಸ್’ ಎಂದಿದ್ದರೆ ಅದು ಈಗ ಬಳಕೆಯಲ್ಲಿಲ್ಲ ಎಂದರ್ಥ. ಅದೇ ಬಾವಿಯಿಂದ ಒಂದು ಓಣಿಯ ಜನ ನೀರು ತರುತ್ತಿದ್ದರೆ, ಆ ನಾಲ್ಕು ಪದಗಳನ್ನು ಪ್ರಶ್ನಿಸದೆ ಪಟ್ಟಿಯನ್ನು ಅನುಮೋದಿಸಿದರೆ, ದುರಸ್ತಿಯ ಹಣ ಆ ಬಾವಿಗೆ ಬರಲಾರದು.

ಈ ಪದಗುಚ್ಛ ನಮ್ಮ ಸದಸ್ಯತ್ವಕ್ಕೇ ಸಂಬಂಧಿಸಿದೆ. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿದ 243-ಇ ಅನುಚ್ಛೇದವು, ಪಂಚಾಯತಿಯ ಅವಧಿಯು ಅದರ ಮೊದಲ ಸಭೆಗೆ ಗೊತ್ತುಪಡಿಸಿದ ದಿನಾಂಕದಿಂದ ಐದು ವರ್ಷ ಎಂದು ಹೇಳಿ, ‘ಆ್ಯಂಡ್ ನೋ ಲಾಂಗರ್’ ಎಂಬ ಮೂರು ಪದಗಳನ್ನು ಸೇರಿಸಿದೆ. ಅಂದರೆ ಐದು ವರ್ಷ, ಅದನ್ನು ಮೀರಿ ಒಂದು ದಿನವೂ ಅಲ್ಲ. ಎಣಿಕೆ ಆರಂಭವಾಗುವುದು ಮತದಾನದ ದಿನದಿಂದಲ್ಲ, ಮೊದಲ ಸಭೆಯ ದಿನದಿಂದ. 2015ರಲ್ಲಿ ಚುನಾಯಿತವಾದ ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳ ಅವಧಿ 2020ರಲ್ಲಿ ಮುಗಿದಾಗ, ಕೊರೊನಾದಿಂದಾಗಿ ಚುನಾವಣೆ ನಡೆದಿರಲಿಲ್ಲ. ಆದರೂ ಹಳೆಯ ಸದಸ್ಯರು ಮುಂದುವರಿಯಲಿಲ್ಲ, ಆಡಳಿತಾಧಿಕಾರಿಗಳ ನೇಮಕವಾಯಿತು. ಚುನಾವಣೆ ನಡೆದದ್ದು ಆ ವರ್ಷದ ಡಿಸೆಂಬರ್ 22 ಮತ್ತು 27ರಂದು. ಉದ್ದವನ್ನು ಹೇಳುವ ಒಂದು ಸಾಮಾನ್ಯ ಪದಕ್ಕೆ ಇಷ್ಟು ಬಲವಿದೆ.

6. ಅಭ್ಯಾಸ

ಕೆಳಗಿನವುಗಳಲ್ಲಿ ‘ಲಾಂಗ್’ ಯಾವ ಬಗೆಯದೆಂದು ಗುರುತಿಸಿರಿ.

(ಅ) ಎ 60 ಮೀಟರ್ ಲಾಂಗ್ ಕಾಂಪೌಂಡ್ ವಾಲ್.
(ಆ) ಹೌ ಲಾಂಗ್ ವಿಲ್ ದ ರಿಪೇರ್ ಟೇಕ್?
(ಇ) ಸೋ ಲಾಂಗ್ ಆ್ಯಸ್ ದ ಫೀ ಈಸ್ ಪೇಡ್.
(ಈ) ದ ಸ್ಕೀಮ್ ಈಸ್ ನೋ ಲಾಂಗರ್ ಇನ್ ಫೋರ್ಸ್.

ಉತ್ತರ: (ಅ) ಅಳತೆ: 60 ಮೀಟರ್ ಉದ್ದದ ಆವರಣ ಗೋಡೆ. (ಆ) ಕಾಲ: ದುರಸ್ತಿಗೆ ಎಷ್ಟು ದಿನ ಬೇಕು? (ಇ) ಷರತ್ತು: ಶುಲ್ಕ ಪಾವತಿಯಾಗುವವರೆಗೆ. (ಈ) ಮುಕ್ತಾಯ: ಯೋಜನೆ ಈಗ ಜಾರಿಯಲ್ಲಿಲ್ಲ.

ಕರ್ನಾಟಕ ರಾಜಭಾಷಾ ಅಧಿನಿಯಮ 1963ರಂತೆ ಕನ್ನಡವೇ ನಮ್ಮ ರಾಜ್ಯದ ಆಡಳಿತ ಭಾಷೆ. ಆದ್ದರಿಂದ ಇಂಗ್ಲಿಷ್ ಕಡತ ಮಂಡನೆಯಾದಾಗ ಅದರ ಕನ್ನಡ ಅರ್ಥವನ್ನು ಓದಿ ಹೇಳುವಂತೆ ಕೋರಲು ಯಾವ ಸದಸ್ಯರೂ ಸಂಕೋಚಪಡಬೇಕಾಗಿಲ್ಲ. ‘ಲಾಂಗ್’ ಕಂಡಲ್ಲೆಲ್ಲ ಒಂದೇ ಪ್ರಶ್ನೆ ಕೇಳಿರಿ: ಇದು ಎಷ್ಟು ಮೀಟರ್, ಎಷ್ಟು ದಿನ, ಅಥವಾ ಯಾವ ಷರತ್ತು? ದೊರೆತ ಉತ್ತರವನ್ನು ಕನ್ನಡದಲ್ಲಿ ನಡವಳಿಯಲ್ಲಿ ಬರೆಯಿಸಿದ ಬಳಿಕವೇ ಸಹಿ ಮಾಡಬೇಕೆಂದು ವಿನಂತಿ.